ಕಲ್ಲುತೋಟದಲ್ಲಿ ಡ್ಯಾಫ್ನೆ: ಎರಡನೇ ಬೇಸಿಗೆ ದಾಟಿಸುವ ಕ್ರಮ

ಡ್ಯಾಫ್ನೆ ಎಂಬ ಪರಿಮಳದ ಹೂವಿನ ಕುರುಚಲು ಗಿಡ ತಂದು ನೆಟ್ಟೆವು, ಮೊದಲ ವಸಂತದಲ್ಲಿ ಮೈತುಂಬ ಹೂ ಬಿಟ್ಟಿತು, ಮರುವರ್ಷ ಜುಲೈಯಲ್ಲಿ ಒಂದೇ ವಾರಕ್ಕೆ ಒಣಗಿ ಕಡ್ಡಿಯಾಯಿತು. ಬ್ರಿಟನ್, ಜರ್ಮನಿ, ಅಮೆರಿಕದಲ್ಲಿ ಮನೆಮಾಡಿಕೊಂಡು ಹಿತ್ತಲಲ್ಲಿ ಕಲ್ಲುತೋಟಕ್ಕೆ (ಕಲ್ಲುಗಳ ನಡುವೆ ಬೆಟ್ಟದ ಗಿಡ ಬೆಳೆಸುವ ತೋಟ) ಕೈಹಾಕಿದ ನಮ್ಮವರ ದೂರು ಹೆಚ್ಚುಕಡಿಮೆ ಇದೊಂದೇ. ಚಳಿಗೆ ಸತ್ತಿರಬೇಕು ಎಂದು ಅವರೇ ತೀರ್ಪನ್ನೂ ಕೊಟ್ಟುಬಿಡುತ್ತಾರೆ. ಚಳಿಗಲ್ಲ. ಆಲ್ಪ್ಸ್ ಮತ್ತು ಕಾರ್ಪೇಥಿಯನ್ ಬೆಟ್ಟಗಳ ಬಂಡೆಸೀಳಿನಲ್ಲಿ ಬೇರೂರುವ ಗಿಡಕ್ಕೆ ಮೈನಸ್ 10 ಡಿಗ್ರಿ ಒಂದು ಲೆಕ್ಕವಲ್ಲ. ಅದನ್ನು ಕೊಲ್ಲುವುದು ಬುಡದಲ್ಲಿ ನಿಲ್ಲುವ ನೀರು, ಅಕ್ಕರೆಯಿಂದ ಹಾಕಿದ ಗೊಬ್ಬರ, ಮತ್ತು ಗಿಡ ಮೊದಲು ಕೊಂಡು ಜಾಗ ಆಮೇಲೆ ಹುಡುಕುವ ಅವಸರ.

ಆದ್ದರಿಂದ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಕಲ್ಲು-ಮಣ್ಣಿನ ಕೆಲಸ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮುಗಿಯಬೇಕು. ಹಾಗೆ ಕಟ್ಟಿದ ದಿಬ್ಬ ಒಂದು ಚಳಿಗಾಲ ಮಳೆ-ಹಿಮಕ್ಕೆ ಕೂತು ಗಟ್ಟಿಯಾಗಬೇಕು. ಗಿಡ ಏಪ್ರಿಲ್‌ನಲ್ಲಿ ಬರಲಿ, ಅದಕ್ಕೂ ಮೊದಲು ಬೇಡ.

ಬೆಂಗಳೂರು, ಮೈಸೂರಿನಲ್ಲಿ ಓದುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಈ ಗಿಡ ಅಲ್ಲಿ ಆಗದು. ಇದಕ್ಕೆ ನಿಜವಾದ ಚಳಿಗಾಲದ ವಿಶ್ರಾಂತಿ ಬೇಕು, ಬೆಚ್ಚನೆಯ ಮಣ್ಣಿನಲ್ಲಿ ತಿಂಗಳುಗಟ್ಟಲೆ ಮಳೆ ಬೀಳಬಾರದು. ನಮ್ಮೂರಿನ ಮಳೆಗಾಲ ಇದರ ಬೇರಿಗೆ ನೇರ ವಿಷ.

1. ಗಿಡದ ಆಯ್ಕೆ: ಅಪರೂಪದ್ದರಿಂದ ಶುರು ಮಾಡಬೇಡಿ

ಕಲ್ಲುತೋಟದ ಕುರುಚಲು ಗಿಡಗಳಲ್ಲಿ ಎರಡು ಪಂಗಡಗಳಿವೆ. ಸುಣ್ಣಕಲ್ಲು, ಬಿಸಿಲು, ಬೇಗ ಬಸಿಯುವ ಮಣ್ಣು ಬೇಡುವವು ಒಂದು ಕಡೆ. ಡ್ಯಾಫ್ನೆಗಳಲ್ಲಿ ಹೆಚ್ಚಿನವು ಇಲ್ಲಿ. ಹುಳಿಮಣ್ಣು, ತಂಪು, ಸದಾ ತೇವ ಬೇಡುವ ಕ್ಯಾಸಿಯೋಪೆ, ಕುಳ್ಳ ರೋಡೊಡೆಂಡ್ರಾನ್, ಆರೆಗನ್ನಿನ ಕ್ಯಾಲ್ಮಿಯಾಪ್ಸಿಸ್ ಇನ್ನೊಂದು ಕಡೆ. ಇಬ್ಬರನ್ನೂ ಒಂದೇ ದಿಬ್ಬದಲ್ಲಿ ಕೂರಿಸಿದರೆ ಯಾರಾದರೂ ಒಬ್ಬರು ಸಾಯುವುದು ಖಾತ್ರಿ. ಇಲ್ಲಿ ಹೇಳುವುದೆಲ್ಲ ಮೊದಲ ಪಂಗಡಕ್ಕೆ.

ಮೊದಲ ಎರಡು ವರ್ಷಕ್ಕೆ ಡ್ಯಾಫ್ನೆ ಕ್ನಿಯೋರಮ್ ಅಥವಾ 'ಲಾರೆನ್ಸ್ ಕ್ರಾಕರ್', 'ಚೆರಿಟನ್' ಎಂಬ ಮಿಶ್ರತಳಿಗಳು ಸಾಕು. ಸಣ್ಣಪುಟ್ಟ ತಪ್ಪುಗಳನ್ನು ಇವು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಇವು ನಿಮ್ಮ ದಿಬ್ಬದಲ್ಲಿ ಎರಡು ಚಳಿಗಾಲ ದಾಟಿದರೆ ಡ್ಯಾಫ್ನೆ ಆರ್ಬುಸ್ಕುಲಾಗೆ ಹೋಗಿ. ಸ್ಲೊವಾಕಿಯಾದ ಮುರಾನ್ ಪ್ರಸ್ಥಭೂಮಿಯ ಸುಣ್ಣಕಲ್ಲು ಬಂಡೆಗಳನ್ನು ಬಿಟ್ಟರೆ ಇದು ಕಾಡಿನಲ್ಲಿ ಬೇರೆಲ್ಲೂ ಇಲ್ಲ. ತೋಟದಲ್ಲಿ ಗೇಣುದ್ದವೂ ಏಳುವುದಿಲ್ಲ. ಕೊನೆಗೆ ಡ್ಯಾಫ್ನೆ ಪೆಟ್ರಿಯಾ. ಉತ್ತರ ಇಟಲಿಯ ಗಾರ್ಡಾ ಸರೋವರದ ಪಶ್ಚಿಮಕ್ಕಿರುವ ಕಡಿದಾದ ಸುಣ್ಣಬಂಡೆಗಳೇ ಅದರ ತವರು. ವರ್ಷಕ್ಕೆ ಬೆರಳಗಲವೂ ಬೆಳೆಯದು. ಅದನ್ನು ಮೊದಲ ಗಿಡವಾಗಿ ಕೊಳ್ಳುವುದು ದುಡ್ಡನ್ನು ಹಳ್ಳಕ್ಕೆ ಎಸೆದ ಹಾಗೆ.

ಅಂಗಡಿಯಲ್ಲಿ ದೊಡ್ಡ ಗಿಡಕ್ಕೆ ಮನಸೋಲಬೇಡಿ. 7ರಿಂದ 9 ಸೆಂ.ಮೀ. ಕುಂಡದ ಎಳೆಗಿಡವೇ ಒಳ್ಳೆಯದು. ಕುಂಡದ ತಳ ನೋಡಿ: ಬಿಳಿ ಬೇರಿನ ತುದಿ ಇಣುಕುತ್ತಿದ್ದರೆ ಸರಿ, ಕಂದು ಬೇರು ಸುತ್ತಿಕೊಂಡು ಚಾಪೆಯಾಗಿದ್ದರೆ ವಾಪಸಿಡಿ. ಕಸಿ ಮಾಡಿದ ಗಿಡವಾದರೆ ಬುಡದಲ್ಲಿ ಕಸಿಗಂಟು ಕಾಣುತ್ತದೆ. ಗಂಟಿನ ಕೆಳಗಿನಿಂದ ಚಿಗುರು ಬಂದಿರಬಾರದು. ಬೆಟ್ಟದಿಂದ ಕಿತ್ತು ತಂದ ಗಿಡ ಯಾರೇ ಕೊಟ್ಟರೂ ಬೇಡ. ಅದು ಕಳ್ಳಮಾಲು, ಜೊತೆಗೆ ಬದುಕುವುದೂ ಇಲ್ಲ.

2. ಜಾಗ ಗುರುತಿಸುವುದು

ಮರದ ಕೆಳಗೆ ಬೇಡ, ಸೂರಿನ ನೀರು ತೊಟ್ಟಿಕ್ಕುವ ಗೋಡೆ ಪಕ್ಕವೂ ಬೇಡ. ಮೋಡದ ದಿನಗಳೇ ಹೆಚ್ಚಿರುವ ಸ್ಕಾಟ್ಲೆಂಡ್, ಉತ್ತರ ಇಂಗ್ಲೆಂಡಿನಲ್ಲಿ ದಕ್ಷಿಣಕ್ಕೆ ಅಥವಾ ಆಗ್ನೇಯಕ್ಕೆ ಮುಖ ಮಾಡಿದ ಇಳಿಜಾರು. ಕೊಲರಾಡೊದಂಥ ಸುಡು ಬಿಸಿಲಿನ ಕಡೆ ಪೂರ್ವದ ಮುಖ, ಮಧ್ಯಾಹ್ನ ಎರಡರ ನಂತರ ನೆರಳು ಬಿದ್ದರೆ ಇನ್ನೂ ಉತ್ತಮ. ಎಲೆಗೆ ಬಿಸಿಲು, ಬೇರಿಗೆ ತಂಪು: ಈ ಎರಡನ್ನೂ ಒಟ್ಟಿಗೆ ಕೊಡುವುದಕ್ಕೇ ಕಲ್ಲು ಬೇಕಾಗಿರುವುದು, ಚೆಂದಕ್ಕಲ್ಲ.

ಜಾಗದಲ್ಲಿ ಬೇರುಕಳೆಗಳಿವೆಯೇ ಎಂದು ಅಗೆದು ನೋಡಿ. ಗರಿಕೆಯ ಜಾತಿಯ ಹುಲ್ಲು, ಬೈಂಡ್‌ವೀಡ್ ಬಳ್ಳಿ, ಹಾರ್ಸ್‌ಟೇಲ್ ಇದ್ದರೆ ಮೊದಲು ಅವನ್ನು ಪೂರ್ತಿ ತೆಗೆಯಿರಿ. ಅದಕ್ಕೆ ಒಂದು ವರ್ಷ ಹಿಡಿದರೂ ಹಿಡಿಯಲಿ. ಕಲ್ಲಿನಡಿ ಸೇರಿಕೊಂಡ ಮೇಲೆ ಅವನ್ನು ತೆಗೆಯಲು ಇಡೀ ದಿಬ್ಬವನ್ನೇ ಬಿಚ್ಚಬೇಕಾಗುತ್ತದೆ.

3. ಸಾಮಾನು ಸರಂಜಾಮು

ಹಾರೆ, ಸಲಿಕೆ, ಕೈಗಾಡಿ, ಉದ್ದನೆಯ ಕಿರುಬಾಯಿಯ ಕರಣೆ, ಮಣ್ಣು ಜಡಿಯಲು ಹೆಬ್ಬೆರಳು ದಪ್ಪದ ಮರದ ಕೋಲು, ದಪ್ಪ ಕೈಗವಸು, ಬೆರಳಿಗೆ ರಕ್ಷಣೆ ಇರುವ ಬೂಟು. ಚೀನೀ ಊಟದ ಜೊತೆ ಬರುವ ಕಡ್ಡಿಗಳನ್ನು ಎಸೆಯಬೇಡಿ. ಸೀಳಿನೊಳಗೆ ಬೇರಿನ ಸುತ್ತ ಮಣ್ಣು ತುಂಬಲು ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ.

ಕಲ್ಲಿಗೆ ಹತ್ತಿರದ ಕಲ್ಲುಗಣಿಯನ್ನೇ ಕೇಳಿ. ಪದರ ಪದರವಾಗಿ ಚಪ್ಪಟೆಗೆ ಒಡೆಯುವ ಮರಳುಗಲ್ಲು, ಸ್ಲೇಟು, ಸುಣ್ಣಕಲ್ಲು ಯಾವುದಾದರೂ ಸರಿ, ಆದರೆ ಇಡೀ ದಿಬ್ಬಕ್ಕೆ ಒಂದೇ ಜಾತಿ. ಬ್ರಿಟನ್ನಿನಲ್ಲಿ ನೀರು ಸವೆಸಿದ ನುಣುಪು ಸುಣ್ಣಕಲ್ಲು ಮಾರಾಟಕ್ಕೆ ಬಂದರೆ ಎಚ್ಚರ. ಅಲ್ಲಿನ ಸುಣ್ಣಕಲ್ಲಿನ ಹಾಸುಗಳಿಗೆ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯಡಿ ರಕ್ಷಣೆ ಇದೆ; ಎಲ್ಲಿಂದ ಬಂತು ಎಂದು ಹೇಳಲಾಗದ ಕಲ್ಲನ್ನು ಕೊಳ್ಳಲೇಬೇಡಿ.

2 ಮೀಟರ್ ಉದ್ದ, 1.2 ಮೀಟರ್ ಅಗಲ, 45 ಸೆಂ.ಮೀ. ಎತ್ತರದ ದಿಬ್ಬಕ್ಕೆ ಕಲ್ಲು ಮುಕ್ಕಾಲು ಟನ್‌ವರೆಗೆ, ಮಣ್ಣಿನ ಮಿಶ್ರಣ ಸುಮಾರು ಅರ್ಧ ಘನ ಮೀಟರ್ ಬೇಕಾಗುತ್ತದೆ. ಇದು ಒಬ್ಬರ ಕೆಲಸವಲ್ಲ. ಒಬ್ಬರು ಕಲ್ಲು ಹಿಡಿಯಬೇಕು, ಇನ್ನೊಬ್ಬರು ಜಡಿಯಬೇಕು.

4. ಮಿಶ್ರಣ: ಮಣ್ಣಿಗಿಂತ ಜಲ್ಲಿ ಹೆಚ್ಚು

ಹೆಚ್ಚಿನವರು ಎಡವುವುದು ಇಲ್ಲಿ. ತೆಂಗು, ಮಲ್ಲಿಗೆ, ಗುಲಾಬಿ ಬೆಳೆಸಿದ ಕೈಗೆ ಕಪ್ಪಗೆ ಮೆತ್ತಗಿರುವ ಮಣ್ಣು ಕಂಡರೆ ಸಮಾಧಾನ. ಡ್ಯಾಫ್ನೆಗೆ ಬೇಕಾದ ಮಿಶ್ರಣ ನೋಡಿದರೆ ಮನೆ ಕಟ್ಟಿದ ಮೇಲೆ ಉಳಿದ ರಾಶಿಯಂತೆ ಕಾಣಬೇಕು.

ಅಳತೆ ಹೀಗೆ: 3ರಿಂದ 6 ಮಿ.ಮೀ.ನ ಮೂಲೆಯುಳ್ಳ ಒರಟು ಜಲ್ಲಿ 2 ಪಾಲು, ಒರಟು ಮರಳು 1 ಪಾಲು, ತೋಟದ ಒಳ್ಳೆಯ ಮಣ್ಣು 1 ಪಾಲು, ಜರಡಿ ಹಿಡಿದ ಎಲೆಗೊಬ್ಬರ 1 ಪಾಲು. ತುಂಬ ಮಳೆ ಬೀಳುವ ಊರಾದರೆ ಜಲ್ಲಿ ಇನ್ನೊಂದು ಪಾಲು ಹೆಚ್ಚಿಸಿ. ಗಾರೆಗೆ ಬಳಸುವ ನುಣುಪು ಮರಳು ಬೇಡ, ಅದು ನೀರು ಬಿದ್ದೊಡನೆ ಗಚ್ಚಿನಂತೆ ಕೂರುತ್ತದೆ. ಸಮುದ್ರದ ಮರಳಿನಲ್ಲಿ ಉಪ್ಪು. ಸಗಣಿಗೊಬ್ಬರ, ಕೋಳಿಗೊಬ್ಬರ, ಅಡುಗೆಮನೆ ಕಾಂಪೋಸ್ಟು ಒಂದು ಹಿಡಿಯೂ ಬೇಡ. ಇವು ಗಿಡವನ್ನು ಮೆತ್ತಗೆ, ಉದ್ದಕ್ಕೆ ಎಬ್ಬಿಸುತ್ತವೆ, ಬುಡದಲ್ಲಿ ಕೊಳೆಯ ಶಿಲೀಂಧ್ರಕ್ಕೆ ಹಾಸಿಗೆ ಹಾಸುತ್ತವೆ.

ಮಿಶ್ರಣ ಸರಿಯಿದೆಯೇ ಎಂದು ನೋಡಲು ಎರಡು ಪರೀಕ್ಷೆ ಸಾಕು. ತೇವ ಮಾಡಿ ಮುಷ್ಟಿಯಲ್ಲಿ ಹಿಂಡಿ, ಕೈ ಬಿಡಿಸಿ, ಬೆರಳಿನಿಂದ ತಟ್ಟಿ. ಉಂಡೆಯಾಗಿಯೇ ಉಳಿದರೆ ಜಲ್ಲಿ ಕಡಿಮೆಯಾಗಿದೆ, ತಟ್ಟಿದೊಡನೆ ಉದುರಬೇಕು. ಆಮೇಲೆ ಒಂದು ಕುಂಡಕ್ಕೆ ತುಂಬಿ ಒಂದು ಲೋಟ ನೀರು ಹೊಯ್ಯಿರಿ. ನೀರು ಮೇಲೆ ಕೆರೆಯಾಗಿ ನಿಂತು ಯೋಚಿಸುತ್ತಿದ್ದರೆ ಮಿಶ್ರಣ ಕೆಟ್ಟಿದೆ ಎಂದೇ ಅರ್ಥ, ಸುರಿಯುತ್ತಿದ್ದಂತೆ ಇಳಿದುಹೋಗಬೇಕು.

5. ದಿಬ್ಬ ಮತ್ತು ಕಲ್ಲು

ಜೇಡಿಮಣ್ಣಿನ ಜಾಗದಲ್ಲಿ ಗುಂಡಿ ತೋಡಿ ಅದರೊಳಗೆ ಜಲ್ಲಿ ತುಂಬುವ ಪದ್ಧತಿ ಬಿಡಿ. ಸುತ್ತಲಿನ ನೀರೆಲ್ಲ ಹರಿದು ಅದೇ ಗುಂಡಿಗೆ ಬಂದು ಬಾವಿಯಾಗುತ್ತದೆ. ಕೆಳಕ್ಕೆ ಹೋಗಬೇಡಿ, ಮೇಲಕ್ಕೆ ಕಟ್ಟಿ. ನೆಲವನ್ನು ಹಾರೆಯಿಂದ ಸಡಿಲಿಸಿ, ನೇರ ಅದರ ಮೇಲೆ ಮಿಶ್ರಣ ಏರಿಸಿ. ಮರಳುನೆಲವಾದರೆ 25–30 ಸೆಂ.ಮೀ. ಎತ್ತರ ಸಾಕು, ಜೇಡಿನೆಲಕ್ಕೆ 45ಕ್ಕಿಂತ ಕಡಿಮೆ ಬೇಡ.

ಕಲ್ಲುಗಳನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಝೆಕ್ ತೋಟಗಾರರು ರೂಢಿಗೆ ತಂದ ಈ ಸೀಳುತೋಟದ ಪದ್ಧತಿಯಲ್ಲಿ ಕಲ್ಲಿನ ಪದರಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ, ನಡುವೆ 2ರಿಂದ 5 ಸೆಂ.ಮೀ. ಸಂದು. ಮಳೆನೀರು ಸಂದಿನಲ್ಲಿ ಸರ್ರನೆ ಇಳಿಯುತ್ತದೆ. ಕಲ್ಲಿನ ಮೈಗೆ ಅಂಟಿದ ತೇವ ಮಾತ್ರ ಆಳದಲ್ಲಿ ಉಳಿಯುತ್ತದೆ, ಬೇರು ಅದನ್ನು ಹುಡುಕಿಕೊಂಡು ಕೆಳಗಿಳಿಯುತ್ತದೆ.

ಕೆಳಗಿನ ಅಂಚಿನಿಂದ ಶುರು ಮಾಡಿ. ಅತಿ ದೊಡ್ಡ ಕಲ್ಲನ್ನು ಮೊದಲು ನಿಲ್ಲಿಸಿ, ಅದರ ಕನಿಷ್ಠ ಮೂರನೇ ಒಂದು ಭಾಗ ಮಣ್ಣಿನೊಳಗಿರಲಿ. ಬೆನ್ನಿಗೆ ಮಿಶ್ರಣ ಸುರಿದು ಕೋಲಿನಿಂದ ಜಡಿಯಿರಿ, ಮತ್ತೆ ಸುರಿದು ಮತ್ತೆ ಜಡಿಯಿರಿ. ಆಮೇಲಷ್ಟೇ ಮುಂದಿನ ಕಲ್ಲು. ಜಡಿಯುವಾಗ ಸದ್ದಿಗೆ ಕಿವಿಗೊಡಿ: ಟೊಳ್ಳಾಗಿ 'ಡಬ್' ಎಂದರೆ ಒಳಗೆ ಗಾಳಿಯಿದೆ, ಇನ್ನೊಂದು ಬೊಗಸೆ ಮಿಶ್ರಣ ಬೇಕು. ಆ ಟೊಳ್ಳು ಉಳಿದರೆ ನಾಳೆ ಬೇರು ಅಲ್ಲಿಗೆ ತಲುಪಿ ಒಣಗುತ್ತದೆ. ನಿಲ್ಲಿಸಿದ ಕಲ್ಲಿನ ಮೇಲೆ ಕಾಲಿಟ್ಟು ಒತ್ತಿ ನೋಡಿ, ಅಲ್ಲಾಡಿದರೆ ಕಿತ್ತು ಮತ್ತೆ ನಿಲ್ಲಿಸಿ. ಅಲ್ಲಾಡುವ ಕಲ್ಲು ಚಳಿಗಾಲದಲ್ಲಿ ಬೇರನ್ನು ಗರಗಸದಂತೆ ಕೊಯ್ಯುತ್ತದೆ.

ಮುಗಿದ ಮೇಲೆ ಹೋಸ್‌ಪೈಪಿನಲ್ಲಿ ನಿಧಾನ ನೀರು ಬಿಟ್ಟು ಸಂದುಗಳನ್ನು ಕೂರಿಸಿ, ಕುಸಿದಲ್ಲಿ ತುಂಬಿ. ಈಗ ಬಿಟ್ಟುಬಿಡಿ. ಮಾರ್ಚ್‌ನಲ್ಲಿ ಮತ್ತೊಮ್ಮೆ ಕುಸಿದಿರುತ್ತದೆ, ಆಗ ಕೊನೆಯ ಸಲ ತುಂಬಿದರಾಯಿತು.

6. ನೆಡುವ ದಿನ

ಮೋಡ ಕವಿದ ದಿನ ನೋಡಿಕೊಳ್ಳಿ. ಕುಂಡವನ್ನು ಅರ್ಧ ಗಂಟೆ ನೀರಿನಲ್ಲಿ ಅದ್ದಿಟ್ಟು, ತೆಗೆದು ಬಸಿಯಲು ಬಿಡಿ. ಸಂದಿನಲ್ಲಿ ಬೇರುಂಡೆಗಿಂತ ತುಸು ಆಳದ ಜಾಗ ಮೊದಲೇ ತೋಡಿಟ್ಟಿರಬೇಕು. ಗಿಡ ಹೊರಗೆ ತೆಗೆದ ಮೇಲೆ ಜಾಗ ತೋಡುತ್ತ ಕೂತರೆ ಗಾಳಿಗೆ ಬೇರು ಒಣಗುತ್ತದೆ.

ಡ್ಯಾಫ್ನೆ ಬೇರು ಕೆಣಕಿದರೆ ಮುನಿಯುತ್ತದೆ, ಆದರೆ ಕುಂಡದಿಂದ ಬಂದ ಪೀಟ್ (ಜೌಗುನೆಲದ ಕೊಳೆತ ಪಾಚಿ) ಉಂಡೆಯನ್ನು ಹಾಗೇ ಇಟ್ಟರೂ ತೊಂದರೆ: ಸುತ್ತಲ ಜಲ್ಲಿ ಒಣಗಿದಾಗ ಉಂಡೆ ಒದ್ದೆಯಾಗಿಯೇ ಇರುತ್ತದೆ, ಒಮ್ಮೆ ಒಣಗಿತೆಂದರೆ ಮತ್ತೆ ನೀರು ಹೀರುವುದಿಲ್ಲ, ಬೇರು ಅದನ್ನು ಬಿಟ್ಟು ಹೊರಗೆ ಬರುವುದೂ ಇಲ್ಲ. ನಡುದಾರಿ ಹೀಗಿದೆ. ಉಂಡೆಯ ಹೊರಮೈಯಿಂದ ಒಂದು ಸೆಂ.ಮೀ.ನಷ್ಟನ್ನು ಬೆರಳ ತುದಿಯಿಂದ ಉದುರಿಸಿ, ಬೇರಿನ ತುದಿಗಳು ಕಾಣಲಿ, ಅಲ್ಲಿಗೆ ನಿಲ್ಲಿಸಿ. ತೊಳೆಯಬೇಡಿ, ಎಳೆದು ಬಿಡಿಸಬೇಡಿ. ಇಳಿಸಿ, ಕಡ್ಡಿಯಿಂದ ಸುತ್ತ ಮಿಶ್ರಣ ತುಂಬಿ, ಮೊದಲಿದ್ದ ಮಟ್ಟಕ್ಕೇ ನಿಲ್ಲಿಸಿ. ಕುತ್ತಿಗೆಯ ಸುತ್ತ 2–3 ಸೆಂ.ಮೀ. ದಪ್ಪ ಶುದ್ಧ ಜಲ್ಲಿ ಹರಡಿ. ಎಲೆ ಮಣ್ಣಿಗೆ ತಾಗಬಾರದು, ಜಲ್ಲಿಗೆ ತಾಗಲಿ. ಒಮ್ಮೆ ಚೆನ್ನಾಗಿ ನೀರು ಕೊಟ್ಟು ಎರಡು ವಾರ ಜಾಲರಿ ಬಟ್ಟೆಯ ನೆರಳು ಕೊಡಿ.

ಇನ್ನು ಜಾಗ ಬದಲಿಸುವ ಮಾತು ಬೇಡ. ಈ ಗಿಡವನ್ನು ಒಮ್ಮೆ ನೆಟ್ಟರೆ ನೆಟ್ಟ ಹಾಗೆ.

7. ಪೆಟ್ರಿಯಾಗೆ ಟೂಫಾ

ಪೆಟ್ರಿಯಾಗೆ ಸಂದಿಗಿಂತ ಟೂಫಾ ಕಲ್ಲು ಹೆಚ್ಚು ಒಗ್ಗುತ್ತದೆ. ಸುಣ್ಣದ ನೀರಿನ ಬುಗ್ಗೆಗಳ ಬಳಿ ಪದರಗಟ್ಟಿ ಬೆಳೆದ, ಸ್ಪಂಜಿನಂತೆ ತೂತು ತೂತಾದ ಹಗುರ ಕಲ್ಲು ಇದು. ಸಾಧಾರಣ ಡ್ರಿಲ್ಲಿಗೇ ಬಗ್ಗುತ್ತದೆ. 2.5 ಸೆಂ.ಮೀ. ಅಗಲ, 8–10 ಸೆಂ.ಮೀ. ಆಳಕ್ಕೆ, ಒಳಕ್ಕೆ ಇಳಿಯುವಂತೆ ಓರೆಯಾಗಿ ಕೊರೆಯಿರಿ. ಕೊರೆದ ಪುಡಿಯನ್ನು ಚೆಲ್ಲಬೇಡಿ. ಅದನ್ನೇ ಮರಳಿನ ಜೊತೆ ಬೆರೆಸಿ ತೂತಿಗೆ ತುಂಬಬೇಕು. ಕಲ್ಲನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಕೆಳಗಿನ ಮೂರನೇ ಒಂದು ಭಾಗ ದಿಬ್ಬದೊಳಗೆ ಹೂತು ನಿಲ್ಲಿಸಿ. ಕೆಳಗಿನಿಂದ ತೇವ ಹೀರಿ ಮೇಲಕ್ಕೆ ಕಳಿಸುವುದು ಅದರ ಕೆಲಸ.

ತೂತಿಗೆ ಹಿಡಿಸುವುದು ಹೊಸದಾಗಿ ಬೇರು ಬಿಟ್ಟ ಕಡ್ಡಿ ಮಾತ್ರ, ಕುಂಡದ ಗಿಡ ಹಿಡಿಸದು. ಒದ್ದೆ ಟಿಶ್ಯೂ ಕಾಗದದಲ್ಲಿ ಬೇರನ್ನು ಬತ್ತಿಯಂತೆ ಸುತ್ತಿ ಇಳಿಸಿ, ಪುಡಿ ತುಂಬಿ, ಬಾಯಿಗೆ ಒಂದು ಚೂರು ಟೂಫಾ ಬೆಣೆ ಹೊಡೆಯಿರಿ. ಮೊದಲ ಬೇಸಿಗೆಯಿಡೀ ಕಲ್ಲು ಒಣಗಲು ಬಿಡಬಾರದು.

8. ನೀರು, ಆಹಾರ, ಕತ್ತರಿ

ಮೊದಲ ವರ್ಷ ಮಳೆ ಬಾರದ ವಾರದಲ್ಲಿ ಒಮ್ಮೆ, ಬುಡಕ್ಕೆ, ಆಳಕ್ಕೆ ಇಳಿಯುವಷ್ಟು. ದಿನಾ ಸಂಜೆ ಒಂದು ಚೊಂಬು ಎರೆಯುವ ಅಭ್ಯಾಸ ತುಳಸಿಕಟ್ಟೆಗೆ ಸರಿ, ಇಲ್ಲಿ ಬೇಡ. ಎರಡನೇ ವರ್ಷದಿಂದ ದೀರ್ಘ ಬರ ಬಿದ್ದರೆ ಮಾತ್ರ ನೀರು. ಕೊಲರಾಡೊದಂಥ ಒಣ ಚಳಿಗಾಲದ ಕಡೆ ಹಿಮವಿಲ್ಲದ ತಿಂಗಳಲ್ಲಿ ಒಂದು ಸಲ, ನೆಲ ಹೆಪ್ಪುಗಟ್ಟದ ಮಧ್ಯಾಹ್ನ ನೋಡಿ ಕೊಡಬೇಕು. ಅಲ್ಲಿ ಗಿಡ ಒಣಗಿ ಸಾಯುವುದೂ ಉಂಟು.

ಮಾರ್ಚ್‌ನಲ್ಲಿ ಒಂದು ಚಿಟಿಕೆ ಮೂಳೆಪುಡಿ ಸಾಕು. ಕತ್ತರಿ ಪ್ರಯೋಗ ಕ್ನಿಯೋರಮ್‌ಗೆ ಮಾತ್ರ: ಹೂ ಮುಗಿದೊಡನೆ ತುದಿಗಳನ್ನು ತುಸು ಚಿವುಟಿ. ಹಳೆಯ ಮರದ ಭಾಗಕ್ಕೆ ಕತ್ತರಿ ಹಾಕಿದರೆ ಅದು ಮತ್ತೆ ಚಿಗುರುತ್ತದೆಂದು ನಂಬುವಂತಿಲ್ಲ.

9. ಚಳಿಗಾಲ

ಹಿಮ ಬಿದ್ದರೆ ಒಳ್ಳೆಯದು, ಗುಡಿಸಬೇಡಿ. ಕೆಟ್ಟದ್ದು ಹಿಮವಿಲ್ಲದ ಒದ್ದೆ ಚಳಿ. ಆರ್ಬುಸ್ಕುಲಾ, ಪೆಟ್ರಿಯಾಗಳ ಮೇಲೆ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಗಾಜಿನ ಅಥವಾ ಪಾಲಿಕಾರ್ಬೊನೇಟ್ ಹಾಳೆಯನ್ನು ಓರೆಯಾಗಿ ನಿಲ್ಲಿಸಿ. ನಾಲ್ಕೂ ಬದಿ ತೆರೆದಿರಲಿ. ಮಗುವಿಗೆ ಕಂಬಳಿ ಹೊದೆಸಿದಂತೆ ಪ್ಲಾಸ್ಟಿಕ್ ಸುತ್ತಿ ಮುಚ್ಚುವವರಿದ್ದಾರೆ. ಒಳಗೆ ಬೂಷ್ಟು ಬಂದು ಫೆಬ್ರವರಿಯೊಳಗೆ ಕಥೆ ಮುಗಿದಿರುತ್ತದೆ.

ನೆಲ ಹೆಪ್ಪುಗಟ್ಟಿ ಕರಗಿದಾಗಲೆಲ್ಲ ಹೊಸ ಗಿಡಗಳು ಮೇಲಕ್ಕೆ ಎದ್ದಿವೆಯೇ ನೋಡಿ. ಎದ್ದಿದ್ದರೆ ಎರಡು ಬೆರಳಿನಿಂದ ಒತ್ತಿ ಕೂರಿಸಿ, ಜಲ್ಲಿ ಸೇರಿಸಿ.

10. ಅಪಾಯದ ಗುರುತುಗಳು

ಮಣ್ಣು ತೇವವಿದೆ, ಆದರೂ ಎಲೆ ಬಾಡಿ ಜೋತಿದೆ: ಇದೇ ಅತಿ ಕೆಟ್ಟ ಸೂಚನೆ. ಬೇರು ಕೊಳೆಯುತ್ತಿದೆ. ಜನ ಇಲ್ಲೇ ಗಾಬರಿಯಾಗಿ ನೀರು ಹೊಯ್ದು ಉಳಿದ ಜೀವವನ್ನೂ ತೆಗೆಯುತ್ತಾರೆ. ನೀರು ನಿಲ್ಲಿಸಿ, ನೆರಳು ಕೊಡಿ, ಇನ್ನೂ ಹಸಿರಿರುವ ತುದಿಗಳನ್ನು ಆ ದಿನವೇ ಕಡ್ಡಿಯಾಗಿ ನೆಟ್ಟುಬಿಡಿ.

ಎಲೆಯ ಅಂಚು ಟಿಕೆಟ್ಟು ಕತ್ತರಿಸಿದಂತೆ ಕಚ್ಚುಕಚ್ಚಾಗಿದ್ದರೆ ವೈನ್ ವೀವಿಲ್ ಜೀರುಂಡೆ ಬಂದಿದೆ. ಎಲೆ ತಿಂದದ್ದು ಲೆಕ್ಕಕ್ಕಿಲ್ಲ. ಅದರ ಬಿಳಿ ಮರಿಹುಳ ಮಣ್ಣಿನೊಳಗೆ ಬೇರು ತಿನ್ನುತ್ತದೆ. ಅದನ್ನು ಕೊಲ್ಲುವ ಸ್ಟೈನರ್ನೀಮಾ ಕ್ರೌಸಿಯೈ ಎಂಬ ಸೂಕ್ಷ್ಮ ಜಂತುಗಳ ಪುಡಿ ಸಿಗುತ್ತದೆ, ಮಣ್ಣು 5 ಡಿಗ್ರಿಗಿಂತ ಬೆಚ್ಚಗಿರುವ ಶರತ್ಕಾಲದಲ್ಲಿ ನೀರಿನಲ್ಲಿ ಕದಡಿ ಹೊಯ್ಯಬೇಕು.

ಎಲೆಯ ಮೇಲೆ ಹಳದಿ ಗೆರೆ-ಮಚ್ಚೆ ಬಂದು ಚಿಗುರು ತಿರುಚಿಕೊಂಡರೆ ವೈರಸ್ ಇರಬಹುದು. ಮದ್ದಿಲ್ಲ. ಕಿತ್ತು ಹಾಕಿ, ಹರಡುವ ಹೇನುಹುಳಗಳನ್ನು ಹತ್ತಿರದ ಗಿಡಗಳಲ್ಲಿ ಹುಡುಕಿ. ಹಳೆಯ ಎಲೆ ನಾಲ್ಕು ಹಳದಿಯಾಗಿ ಉದುರಿದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಓದಿ. ಡ್ಯಾಫ್ನೆಯ ಬೇರಿನಿಂದ ಹಣ್ಣಿನವರೆಗೆ ಎಲ್ಲವೂ ವಿಷ, ರಸ ತಾಗಿದರೆ ಚರ್ಮ ಉರಿಯುತ್ತದೆ. ಪರಿಮಳ ಮಲ್ಲಿಗೆಗೆ ಸಾಟಿಯಾದರೂ ಮುಡಿಯಲು, ದೇವರ ತಟ್ಟೆಗೆ ಕಿತ್ತುಕೊಳ್ಳಬೇಡಿ. ಮುಳ್ಳಯ್ಯನಗಿರಿ ಕಡೆಯ ಹುಲ್ಲುಗಾವಲಿನಲ್ಲಿ ಹಳದಿ ಗೊಂಚಲು ಹೂ ಬಿಡುವ ನಿಡಿಯಾ ಗ್ಲಾಕಾ ಇದರದ್ದೇ ಕುಟುಂಬ. ಅದನ್ನು ಮೀನು ಮಂಕಾಗಿಸಲು ಹೊಳೆಗೆ ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ. ಕತ್ತರಿಸುವಾಗ ಕೈಗವಸು ಇರಲಿ.

11. ಕಡ್ಡಿ ಎಬ್ಬಿಸಿ ಇಟ್ಟುಕೊಳ್ಳುವುದು

ಒಂದೇ ಗಿಡ ಇಟ್ಟುಕೊಂಡು ನಿಶ್ಚಿಂತೆಯಿಂದ ಇರಬೇಡಿ. ಜೂನ್ ಕೊನೆ–ಜುಲೈಯಲ್ಲಿ, ಹೊಸ ಚಿಗುರು ಬುಡದಲ್ಲಿ ಬಲಿಯಲು ತೊಡಗಿದಾಗ, 3ರಿಂದ 5 ಸೆಂ.ಮೀ. ತುದಿಗಳನ್ನು ತೆಗೆಯಿರಿ. ಕೆಳಗಿನ ಎಲೆ ಬಿಡಿಸಿ, ಬೇರು ಬರಿಸುವ ಪುಡಿ ಹಚ್ಚಿ, ಅರ್ಧ ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಕಲ್ಲುಹರಳು) ಅರ್ಧ ಮರಳಿನಲ್ಲಿ ಚುಚ್ಚಿ, ಮುಚ್ಚಿ ನೆರಳಿನಲ್ಲಿಡಿ. ಬೇರು ಬರಲು ಆರರಿಂದ ಹತ್ತು ವಾರ. ಬಂದಿದೆಯೇ ಎಂದು ಕಿತ್ತು ನೋಡುವ ಕೈಯನ್ನು ಕಟ್ಟಿಹಾಕಿ. ತಳದ ತೂತಿನಲ್ಲಿ ಬೇರು ಕಂಡರೆ ಸಾಕು. ಆ ಚಳಿಗಾಲ ಅಲ್ಲೇ ಕಳೆಯಲಿ, ಬೇರೆ ಕುಂಡ ವಸಂತದಲ್ಲಿ.

ಬೀಜ ಬೇಕಿದ್ದರೆ ಆಲ್ಪೈನ್ ಗಾರ್ಡನ್ ಸೊಸೈಟಿ, ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್, ಅಮೆರಿಕದಲ್ಲಿ ನಾರ್ತ್ ಅಮೆರಿಕನ್ ರಾಕ್ ಗಾರ್ಡನ್ ಸೊಸೈಟಿ ಸದಸ್ಯರಿಗೆ ಪ್ರತಿವರ್ಷ ಬೀಜ ಹಂಚುತ್ತವೆ. ಬಿತ್ತಿದ ಕುಂಡವನ್ನು ಹೊರಗೆ ಚಳಿಗೆ ಬಿಡಿ. ಮೊದಲ ವಸಂತದಲ್ಲಿ ಏನೂ ಬರದಿದ್ದರೂ ಎಸೆಯಬೇಡಿ, ಎರಡನೆಯದರಲ್ಲಿ ಮೊಳೆಯುವುದು ಸಾಮಾನ್ಯ.

12. ಸತ್ತರೆ ಏನು ನೋಡಬೇಕು

ಕಿತ್ತ ಗಿಡವನ್ನು ನೇರ ಕಸಕ್ಕೆ ಹಾಕಬೇಡಿ, ಬಕೆಟ್ ನೀರಿನಲ್ಲಿ ಬೇರು ತೊಳೆದು ನೋಡಿ. ಕಪ್ಪಗಾಗಿ, ಹಿಡಿದೆಳೆದರೆ ಸಿಪ್ಪೆ ಕಳಚಿ ಬಂದರೆ ಕೊಳೆ: ನಿಮ್ಮ ಮಿಶ್ರಣದಲ್ಲಿ ಜಲ್ಲಿ ಸಾಲದು ಅಥವಾ ನೀರು ಜಾಸ್ತಿ. ಬೇರೇ ಇಲ್ಲದೆ ಬೋಳು ಕಾಂಡ ಬಂದರೆ ವೀವಿಲ್. ಬೇರು ಇನ್ನೂ ಕುಂಡದ ಆಕಾರದಲ್ಲೇ ಸುತ್ತಿಕೊಂಡಿದ್ದರೆ ಅದು ದಿಬ್ಬಕ್ಕೆ ಇಳಿದೇ ಇರಲಿಲ್ಲ. ನೆಡುವ ದಿನ ಉಂಡೆಯ ಹೊರಮೈ ಉದುರಿಸಿರಲಿಲ್ಲ ಎಂದು ತಿಳಿಯಿರಿ. ಕೊಳೆಯಿಂದ ಸತ್ತ ಜಾಗದಲ್ಲಿ ಇನ್ನೊಂದು ಡ್ಯಾಫ್ನೆ ನೆಡಬೇಡಿ. ಆ ಸಂದಿನ ಮಿಶ್ರಣ ಪೂರ್ತಿ ಹೊರತೆಗೆದು, ಹೊಸದು ತುಂಬಿ, ಅಲ್ಲಿಗೆ ಸೆಂಪರ್ವೈವಮ್‌ನಂಥ ಬೇರೆ ಕುಲದ ಗಿಡ ಹಾಕಿ. ಡ್ಯಾಫ್ನೆಗೆ ಮೀಟರ್ ಆಚೆ ಇನ್ನೊಂದು ಸಂದು ನೋಡಿ.